ಗಾಳಿ ಬರುವ ಮೊದಲಿನ ಊರು

ಅಮೆರಿಕದ ಮಿಸ್ಸೌರಿ ರಾಜ್ಯದ ನೈಋತ್ಯ ಮೂಲೆಯಲ್ಲಿರುವ ಜಾಪ್ಲಿನ್ ಸುಮಾರು ಐವತ್ತು ಸಾವಿರ ಜನಸಂಖ್ಯೆಯ ಊರು. 2011ರ ಮೇ 22ರ ಭಾನುವಾರ ಅಲ್ಲಿನ ಹೈಸ್ಕೂಲಿನ ಪದವಿ ಪ್ರದಾನ ಸಮಾರಂಭವಿತ್ತು. ಅದು ನಡೆದದ್ದು ಶಾಲೆಯಲ್ಲಲ್ಲ, ಊರಿನ ವಿಶ್ವವಿದ್ಯಾಲಯದಲ್ಲಿ. ಸಂಜೆ 5:11ಕ್ಕೆ ಊರಿನ ಸೈರನ್‌ಗಳು ಮೂರು ನಿಮಿಷ ಕೂಗಿ ಸುಮ್ಮನಾದವು. 5:17ಕ್ಕೆ ರಾಷ್ಟ್ರೀಯ ಹವಾಮಾನ ಸೇವೆಯವರು ಜಾಪ್ಲಿನ್‌ಗೆ ಸುಂಟರಗಾಳಿಯ ಎಚ್ಚರಿಕೆ ಹೊರಡಿಸಿದರು. 5:34ರ ಹೊತ್ತಿಗೆ ಊರಿನ ಪಶ್ಚಿಮಕ್ಕೆ ಗಾಳಿ ನೆಲ ಮುಟ್ಟಿತು. 5:38ಕ್ಕೆ ಸೈರನ್‌ಗಳು ಎರಡನೆಯ ಬಾರಿ ಕೂಗುವಷ್ಟರಲ್ಲಿ ಅದು ಊರಿನ ಅಂಚಿಗೆ ಬಂದಾಗಿತ್ತು.

ಆ ಗಾಳಿ ಕ್ರಮಿಸಿದ್ದು ಮೂವತ್ತೈದು ಕಿಲೋಮೀಟರ್. ಅಗಲವಾದ ಕಡೆ ಅದು ಒಂದೂವರೆ ಕಿಲೋಮೀಟರಿನಷ್ಟು ವಿಸ್ತಾರವಾಗಿತ್ತು. ಗಂಟೆಗೆ 320 ಕಿಲೋಮೀಟರಿಗಿಂತ ಹೆಚ್ಚಿನ ವೇಗವೆಂದು ಅಂದಾಜು ಮಾಡಿ ಅದಕ್ಕೆ ಇಎಫ್5 ಎಂಬ ಅತ್ಯುನ್ನತ ದರ್ಜೆ ಕೊಟ್ಟರು. ಸತ್ತವರು 161 ಮಂದಿ, ಗಾಯಗೊಂಡವರು ಸಾವಿರಕ್ಕೂ ಹೆಚ್ಚು, ಹಾನಿಗೊಂಡ ಮನೆಗಳು ಸುಮಾರು 7,500. ಅಮೆರಿಕದಲ್ಲಿ ಒಂದೇ ಸುಂಟರಗಾಳಿಗೆ ಇಷ್ಟು ಜನ ಬಲಿಯಾದದ್ದು 1947ರ ನಂತರ ಅದೇ ಮೊದಲು. ಹೈಸ್ಕೂಲಿನ ಕಟ್ಟಡ ನಾಶವಾಯಿತು. ಭಾನುವಾರವಾದ್ದರಿಂದ ಮತ್ತು ಸಮಾರಂಭ ಬೇರೆಡೆ ಇದ್ದುದರಿಂದ ಅದು ಖಾಲಿಯಿತ್ತು.

ನಾನು ಕ್ಯಾನ್ಸಸ್ ಸಿಟಿಯ ಉಪನಗರವೊಂದರಲ್ಲಿ ವಾಸಿಸುವವನು. ಇಲ್ಲಿಂದ ದಕ್ಷಿಣಕ್ಕೆ ಕಾರಿನಲ್ಲಿ ಹೊರಟರೆ ಕೆಲವೇ ಗಂಟೆಗಳಲ್ಲಿ ಜಾಪ್ಲಿನ್ ಸಿಗುತ್ತದೆ. ಆ ಊರಿಗೆ ಹೋಗಿ ಬಂದಾಗಿನಿಂದ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಸುಂಟರಗಾಳಿಯ ಸುದ್ದಿ ಬಂದಾಗಲೆಲ್ಲ ‘ಪ್ರಕೃತಿ ಮುನಿದರೆ ಯಾರು ಏನು ಮಾಡಲಾದೀತು’ ಎನ್ನುವ ಮಾತು ನಮ್ಮವರಲ್ಲಿ ತಾನಾಗಿಯೇ ಬರುತ್ತದೆ. ಓದಿದಷ್ಟೂ ಆ ಮಾತು ನನಗೆ ಒಪ್ಪಿಗೆಯಾಗದೆ ಹೋಗಿದೆ. ಗಾಳಿಯ ಬಲ ಮನುಷ್ಯನ ಕೈಯಲ್ಲಿಲ್ಲ, ನಿಜ. ಆದರೆ ಆ ಗಾಳಿಗೆ ಯಾರು ಸಾಯುತ್ತಾರೆ, ಯಾವ ಊರು ಮತ್ತೆ ಏಳುತ್ತದೆ, ಯಾವುದು ನಕ್ಷೆಯಿಂದಲೇ ಅಳಿಸಿಹೋಗುತ್ತದೆ ಎಂಬುದು ಬಹುಪಾಲು ಗಾಳಿ ಬರುವ ಮೊದಲೇ ಆ ಊರಿನಲ್ಲಿ ತೀರ್ಮಾನವಾಗಿರುತ್ತದೆ.

ಎಚ್ಚರಿಕೆಯಿಂದಲೇ ಆರಂಭಿಸುತ್ತೇನೆ. ಎಚ್ಚರಿಕೆ ಹೊರಟದ್ದಕ್ಕೂ ಗಾಳಿ ನೆಲ ಮುಟ್ಟಿದ್ದಕ್ಕೂ ನಡುವೆ ಹದಿನೇಳು ನಿಮಿಷಗಳಿದ್ದವು. ಸುಂಟರಗಾಳಿಯ ಲೆಕ್ಕದಲ್ಲಿ ಇದು ಕಡಿಮೆ ಸಮಯವೇನಲ್ಲ. ಹಾಗಿದ್ದೂ ಅಷ್ಟು ಜನ ಸತ್ತದ್ದು ಹೇಗೆಂದು ತಿಳಿಯಲು ಹವಾಮಾನ ಸೇವೆಯ ತಂಡವೊಂದು ಬದುಕುಳಿದವರ ಮನೆಗಳಿಗೆ ಹೋಗಿ ಮಾತನಾಡಿಸಿತು. ಬಹುಪಾಲು ಜನ ಮೊದಲ ಸೈರನ್ ಕೇಳಿದ ಕೂಡಲೇ ಆಶ್ರಯಕ್ಕೆ ಓಡಲಿಲ್ಲ ಎಂಬುದು ಆ ತಂಡ ಕಂಡುಕೊಂಡ ಸಂಗತಿ. ಅವರು ಹೊರಗೆ ಬಂದು ಆಕಾಶ ನೋಡಿದರು, ಟಿವಿ ಹಾಕಿದರು, ಬಂಧುಗಳಿಗೆ ಫೋನ್ ಮಾಡಿದರು. ಒಂದಾದ ಮೇಲೊಂದು ಸೂಚನೆ ಸಿಕ್ಕಿ, ಇದು ಎಂದಿನ ಮಳೆಯಲ್ಲ ಎಂದು ಮನಸ್ಸಿಗೆ ಖಾತ್ರಿಯಾದ ಮೇಲಷ್ಟೇ ಒಳಗೆ ಹೋದರು. ಅವರನ್ನು ಉದಾಸೀನರೆಂದು ಬೈಯಲು ನನಗೆ ಮನಸ್ಸಾಗುವುದಿಲ್ಲ. ವಸಂತದಲ್ಲಿ ಪದೇ ಪದೇ ಸೈರನ್ ಕೂಗುವ ನಾಡು ಅದು. ದೇಶದಲ್ಲಿ ಆಗ ಹೊರಡುತ್ತಿದ್ದ ಸುಂಟರಗಾಳಿ ಎಚ್ಚರಿಕೆಗಳಲ್ಲಿ ಮುಕ್ಕಾಲು ಪಾಲು ಹುಸಿಯಾಗುತ್ತಿದ್ದವು. ವರ್ಷಗಟ್ಟಲೆ ಹುಸಿಯಾದ ಕೂಗನ್ನು ಕೇಳಿದ ಮನುಷ್ಯ, ಒಂದು ಭಾನುವಾರದ ಸಂಜೆ ಅದನ್ನು ಏಕಾಏಕಿ ನಂಬಬೇಕೆಂದರೆ ನಂಬಿಕೆ ಎಲ್ಲಿಂದ ಬರಬೇಕು?

ನಂಬದಿರಲು ಅಂದು ಇನ್ನೊಂದು ಕಾರಣವೂ ಇತ್ತು. ಚಿತ್ರಗಳಲ್ಲಿ ನೋಡುವಂಥ, ಮೋಡದಿಂದ ಇಳಿಬಿದ್ದ ಸೊಂಡಿಲಿನಂಥ ಆಕಾರ ಜಾಪ್ಲಿನ್‌ನವರಿಗೆ ಕಾಣಲಿಲ್ಲ. ಜಡಿಮಳೆ ಗಾಳಿಯನ್ನು ಸುತ್ತುವರಿದು ಮರೆಮಾಡಿತ್ತು. ಹೊರಗೆ ನಿಂತು ನೋಡಿದವರಿಗೆ ಕಂಡದ್ದು ದಟ್ಟ ಮಳೆಯ ಕಪ್ಪು ಗೋಡೆ ಮಾತ್ರ. ಕಣ್ಣಾರೆ ಕಂಡು ಖಾತ್ರಿಪಡಿಸಿಕೊಳ್ಳಲು ಕಾದವರಿಗೆ ಅಂದು ಕಣ್ಣೂ ನೆರವಾಗಲಿಲ್ಲ.

ನಾನಿರುವ ಕೌಂಟಿಯಲ್ಲಿ ತಿಂಗಳ ಮೊದಲ ಬುಧವಾರ ಬೆಳಿಗ್ಗೆ ಸೈರನ್ ಪರೀಕ್ಷೆ ನಡೆಯುತ್ತದೆ. ಹೊಸದಾಗಿ ಬಂದ ಕನ್ನಡದ ಕುಟುಂಬಗಳು ಆ ಸದ್ದಿಗೆ ಬೆಚ್ಚಿ, ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಇದೇನು, ನಿಜವೇ?’ ಎಂದು ಕೇಳುತ್ತಾರೆ. ಹಳಬರು ‘ಟೆಸ್ಟ್ ಅಷ್ಟೇ’ ಎಂದು ಸಮಾಧಾನ ಹೇಳುತ್ತಾರೆ. ಮೇ ತಿಂಗಳ ಒಂದು ರಾತ್ರಿ ನಿಜವಾದ ಎಚ್ಚರಿಕೆ ಬಂದಾಗಲೂ ಅದೇ ಗುಂಪಿನಲ್ಲಿ ಅದೇ ಪ್ರಶ್ನೆ ಬರುತ್ತದೆ, ಅದಕ್ಕೆ ಯಾರಾದರೊಬ್ಬರು ಉತ್ತರ ಕೊಡುವವರೆಗೆ ಎಲ್ಲರೂ ಫೋನ್ ಹಿಡಿದು ಕುಳಿತಿರುತ್ತಾರೆ. ಜಾಪ್ಲಿನ್‌ನವರು ಮಾಡಿದ್ದೂ ಇದನ್ನೇ. ನೆರೆಯವರನ್ನು, ನೆಂಟರನ್ನು ಕೇಳದೆ ಯಾವುದನ್ನೂ ನಂಬದಿರುವುದು ಮನುಷ್ಯ ಸಹಜವಾದ ನಡೆ. ಎಚ್ಚರಿಕೆ ಕೊಡುವ ವ್ಯವಸ್ಥೆ ಈ ನಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2012ರಿಂದ ಹವಾಮಾನ ಸೇವೆಯವರು ಮೊದಲು ಕ್ಯಾನ್ಸಸ್ ಮತ್ತು ಮಿಸ್ಸೌರಿಯ ಕಚೇರಿಗಳಲ್ಲಿ, ಬಳಿಕ ದೇಶದ ಉಳಿದೆಡೆ, ಎಚ್ಚರಿಕೆಯ ಭಾಷೆಯನ್ನೇ ಬದಲಿಸಿದರು. ಸುಂಟರಗಾಳಿ ಬರಬಹುದು ಎಂದಷ್ಟೇ ಹೇಳುವುದರ ಬದಲು, ಮನೆಗಳು ನೆಲಸಮವಾಗುತ್ತವೆ, ಮರೆಯಿಲ್ಲದವರು ಬದುಕುಳಿಯುವುದು ಕಷ್ಟ ಎಂದು ಪರಿಣಾಮವನ್ನೇ ನೇರವಾಗಿ ಹೇಳುವ ಕ್ರಮ ಬಂತು. ಭಯ ಹುಟ್ಟಿಸುವ ಮಾತುಗಳೆಂದು ಕೆಲವರಿಗೆ ಅನ್ನಿಸಬಹುದು. ಹದಿನೇಳು ನಿಮಿಷಗಳಲ್ಲಿ ಹತ್ತು ನಿಮಿಷ ಸಂದೇಹದಲ್ಲಿ ಕಳೆಯುವುದನ್ನು ತಪ್ಪಿಸುವ ಮಾತು ಎಷ್ಟು ಕಠೋರವಾಗಿದ್ದರೂ ನನಗೆ ಸಮ್ಮತವೇ.

ಇನ್ನು ಕಟ್ಟಡಗಳ ಮಾತು. ಸತ್ತವರಲ್ಲಿ ಬಹುಪಾಲು ಜನ ಸತ್ತದ್ದು ಬಯಲಿನಲ್ಲಲ್ಲ, ತಾವು ಆಶ್ರಯವೆಂದು ನಂಬಿದ್ದ ಕಟ್ಟಡಗಳು ಕುಸಿದಾಗ. ಜಾಪ್ಲಿನ್‌ನ ಐದು ಮನೆಗಳಲ್ಲಿ ನಾಲ್ಕಕ್ಕೆ ನೆಲಮಾಳಿಗೆ ಇರಲಿಲ್ಲ. ಅಲ್ಲಿನ ಕಲ್ಲುನೆಲವನ್ನು ಅಗೆಯುವುದು ದುಬಾರಿಯ ಕೆಲಸ. ಜನ ಓಡಿಹೋಗಿ ಸೇರಬಹುದಾದ ಸಾರ್ವಜನಿಕ ಸುರಕ್ಷಿತ ತಾಣಗಳೂ ಇರಲಿಲ್ಲ. ಮನೆ ಕಟ್ಟುವ ಸಾಮಾನು ಮಾರುವ ದೊಡ್ಡ ಮಳಿಗೆಯೊಂದರ ಕಾಂಕ್ರೀಟ್ ಗೋಡೆಗಳು ಚಾವಣಿಯ ಆಧಾರದಿಂದಲೇ ನೆಟ್ಟಗೆ ನಿಲ್ಲುವಂಥವು. ಗಾಳಿ ಚಾವಣಿಯನ್ನು ಎತ್ತಿದ್ದೇ ತಡ, ಟನ್‌ಗಟ್ಟಲೆ ತೂಕದ ಆ ಗೋಡೆಗಳು ಒಂದೊಂದಾಗಿ ಉರುಳಿ ಒಳಗಿದ್ದವರನ್ನು ಕೊಂದವು.

ಸೇಂಟ್ ಜಾನ್ಸ್ ಆಸ್ಪತ್ರೆಯ ಸಂಗತಿ ಇದಕ್ಕಿಂತ ಬೇರೆ. ಒಂಬತ್ತು ಅಂತಸ್ತಿನ ಆ ಕಟ್ಟಡದ ಮೇಲೆಯೇ ಗಾಳಿ ಹಾದುಹೋಯಿತು. ಒಳಗೆ 183 ರೋಗಿಗಳಿದ್ದರು. ಕಂಬ ತೊಲೆಗಳೆಲ್ಲ ಗಟ್ಟಿಯಾಗಿ ನಿಂತವು. ಆದರೆ ಕಿಟಕಿಗಳು ಒಡೆದವು, ವಿದ್ಯುತ್ ಹೋಯಿತು, ತುರ್ತು ಜನರೇಟರೂ ನಾಶವಾಯಿತು. ಐವರು ರೋಗಿಗಳು ಮತ್ತು ರೋಗಿಯೊಬ್ಬರನ್ನು ನೋಡಲು ಬಂದಿದ್ದ ಒಬ್ಬರು ಅಲ್ಲಿ ಸತ್ತರು. ಕೃತಕ ಉಸಿರಾಟದ ಯಂತ್ರಗಳನ್ನೇ ನಂಬಿಕೊಂಡವರಿಗೆ ಗಟ್ಟಿ ಕಂಬಗಳಿಂದ ಏನು ಪ್ರಯೋಜನ? ಕಟ್ಟಡ ನಿಲ್ಲುವುದು ಬೇರೆ, ಆಸ್ಪತ್ರೆ ಆಸ್ಪತ್ರೆಯಾಗಿ ಉಳಿಯುವುದು ಬೇರೆ ಎಂಬುದನ್ನು ವಿನ್ಯಾಸಗಾರರು ಅಲ್ಲಿ ಆರು ಸಾವುಗಳಿಂದ ಕಲಿತರು. ನರ್ಸ್‌ಗಳು ಮತ್ತು ಇತರ ಸಿಬ್ಬಂದಿ ಕತ್ತಲಲ್ಲಿ, ನೀರು ಸುರಿಯುವ ಮೆಟ್ಟಿಲುಗಳ ಮೇಲೆ ರೋಗಿಗಳನ್ನು ಹೊತ್ತು ಸುಮಾರು ಒಂದೂವರೆ ಗಂಟೆಯಲ್ಲಿ ಇಡೀ ಆಸ್ಪತ್ರೆಯನ್ನು ತೆರವು ಮಾಡಿದ್ದನ್ನು ಓದುವಾಗ ನನಗೆ ಪ್ರತಿಬಾರಿ ಗಂಟಲು ಕಟ್ಟುತ್ತದೆ. ಹಳೆಯ ಕಟ್ಟಡವನ್ನು ಕೆಡವಿ 2015ರಲ್ಲಿ ಬೇರೆ ಜಾಗದಲ್ಲಿ ಹೊಸ ಆಸ್ಪತ್ರೆ ತೆರೆದರು. ತೀವ್ರ ನಿಗಾ ಘಟಕದಂಥ ಕಡೆಗಳಲ್ಲಿ ಬಲವಾದ ಗಾಜಿನ ಕಿಟಕಿಗಳನ್ನು ಹಾಕಿದರು, ಜನರೇಟರ್ ವ್ಯವಸ್ಥೆಯನ್ನು ನೆಲದಡಿಗೆ ಒಯ್ದರು.

ಗಾಳಿ ನಿಂತ ಮೇಲೂ ಸಾವು ನಿಲ್ಲಲಿಲ್ಲ. ದಿನಗಳು ಕಳೆದಂತೆ ಗಾಯಾಳುಗಳಲ್ಲಿ ಕೆಲವರ ಗಾಯಗಳು ವಿಚಿತ್ರವಾಗಿ ಕೊಳೆಯತೊಡಗಿದವು. ಮಣ್ಣಿನಲ್ಲಿ ಸಾಮಾನ್ಯವಾಗಿ ನಿರುಪದ್ರವಿಯಾಗಿ ಇರುವ ಶಿಲೀಂಧ್ರವೊಂದನ್ನು ಗಾಳಿ, ಕೂರಿಗೆ ಬೀಜವನ್ನು ಉತ್ತ ನೆಲಕ್ಕೆ ಇಳಿಸುವಂತೆ, ಮರದ ಸಿಬಿರು ಮತ್ತು ಮಣ್ಣಿನೊಡನೆ ಅವರ ಮಾಂಸದ ಆಳಕ್ಕೆ ಇಳಿಸಿಬಿಟ್ಟಿತ್ತು. ಮ್ಯೂಕರ್‌ಮೈಕೋಸಿಸ್ ಎಂಬ ಈ ಸೋಂಕು, ಕೋವಿಡ್ ಕಾಲದಲ್ಲಿ ಕರ್ನಾಟಕದವರು ಕಪ್ಪು ಶಿಲೀಂಧ್ರ ಎಂಬ ಹೆಸರಿನಲ್ಲಿ ಹೆದರಿದ್ದ ರೋಗದ ಜಾತಿಯದೇ. ಜಾಪ್ಲಿನ್‌ನಲ್ಲಿ 13 ಮಂದಿಗೆ ಅದು ತಗಲಿತು, ಐವರು ಸತ್ತರು.

ಆ ಊರಿನ ಮಣ್ಣಿನಲ್ಲಿ ಇನ್ನೂ ಒಂದು ವಿಷವಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಜಾಪ್ಲಿನ್ ಬೆಳೆದದ್ದೇ ಸೀಸ ಮತ್ತು ಸತುವಿನ ಗಣಿಗಳಿಂದ. ಗಣಿಗಳು ಮುಚ್ಚಿದರೂ ಅವುಗಳ ತ್ಯಾಜ್ಯ ಅಂಗಳಗಳ ಅಡಿಯಲ್ಲಿ ಉಳಿದಿತ್ತು. ಗಾಳಿ ಮರಗಳನ್ನು ಬುಡಸಹಿತ ಕಿತ್ತಾಗ, ಜನ ಹೊಸ ಮನೆಗೆ ಪಾಯ ತೋಡಿದಾಗ, ಆ ಸೀಸ ಮತ್ತೆ ಮೇಲೆ ಬಂತು. ಸೀಸವೆಂದರೆ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುವ ವಸ್ತು. ಮನೆ ಕಳೆದುಕೊಂಡವರು ಮನೆ ಕಟ್ಟುವ ಮೊದಲು ಅಂಗಳದ ಮಣ್ಣನ್ನು ಪರೀಕ್ಷೆ ಮಾಡಿಸಬೇಕಾಯಿತು, ಕೆಟ್ಟ ಮಣ್ಣನ್ನು ತೆಗೆದು ಒಳ್ಳೆಯ ಮಣ್ಣು ತುಂಬಿಸಬೇಕಾಯಿತು. ನೂರು ವರ್ಷದ ಹಿಂದೆ ಯಾರೋ ಅಗೆದದ್ದರ ಸಾಲವನ್ನು ಸೂರಿಲ್ಲದವರು ತೀರಿಸಬೇಕಾಗಿ ಬಂದದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹೀಗಿದ್ದೂ ಜಾಪ್ಲಿನ್ ಎದ್ದಿತು. ಗಾಳಿ ಬಂದ ಕೆಲವೇ ದಿನಗಳಲ್ಲಿ ಶಾಲಾ ಆಡಳಿತ ಒಂದು ಮಾತು ಕೊಟ್ಟಿತು: ಆಗಸ್ಟ್ 17ಕ್ಕೆ ತರಗತಿಗಳು ಶುರುವಾಗುತ್ತವೆ. ಮೇಲಿನ ತರಗತಿಗಳು ಆ ದಿನವೇ ಊರಿನ ಮಾಲ್ ಒಂದರ ಖಾಲಿ ಮಳಿಗೆಯಲ್ಲಿ ಆರಂಭವಾದವು. ಶಾಲೆ ಶುರುವಾಗುತ್ತದೆ ಎಂಬ ಖಾತ್ರಿ ಇದ್ದುದರಿಂದ ಮಕ್ಕಳಿದ್ದ ಕುಟುಂಬಗಳು ಊರು ಬಿಡಲಿಲ್ಲ. ಕುಟುಂಬಗಳು ಉಳಿದದ್ದರಿಂದ ಅಂಗಡಿಗಳು ಉಳಿದವು. ಊರು ಉಳಿಯಬೇಕಾದರೆ ಮೊದಲು ಶಾಲೆ ತೆರೆಯಬೇಕೆಂದು ಗ್ರಹಿಸಿದವರ ವಿವೇಕ ದೊಡ್ಡದು. ಹೈಸ್ಕೂಲಿನ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸಲು ದೂರದ ಸಂಯುಕ್ತ ಅರಬ್ ಸಂಸ್ಥಾನದಿಂದ ಹಣ ಬಂತು. ದೇಶದ ಮೂಲೆಮೂಲೆಗಳಿಂದ ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರು ಬಂದು ಅವಶೇಷ ಎತ್ತಿದರು. ಹತ್ತಾರು ಮೈಲಿ ದೂರದ ಹೊಲಗಳಲ್ಲಿ ಬಿದ್ದಿದ್ದ ಮದುವೆಯ, ಮಕ್ಕಳ ಫೋಟೋಗಳನ್ನು ಜನ ಆರಿಸಿ ತಂದಾಗ, ಪಕ್ಕದ ಕಾರ್ತೇಜ್ ಊರಿನ ಚರ್ಚ್ ಒಂದು ಅವನ್ನು ತೊಳೆದು ಒಣಗಿಸಿ ಒಡೆಯರಿಗೆ ಮುಟ್ಟಿಸುವ ಕೆಲಸ ಹೊತ್ತುಕೊಂಡಿತು. ಬದುಕುಳಿದ ಮಕ್ಕಳಲ್ಲಿ ಕೆಲವರು, ಗಾಳಿಯ ನಡುವೆ ಚಿಟ್ಟೆಯ ರೆಕ್ಕೆಯ ಮನುಷ್ಯರು ತಮ್ಮನ್ನು ಕಾಪಾಡಿದರೆಂದು ಹೇಳಿದ್ದರಂತೆ. ಊರಿನವರು ಅದನ್ನು ತಳ್ಳಿಹಾಕದೆ ನಗರದ ನಡುವಿನ ಗೋಡೆಯೊಂದರ ಮೇಲೆ ಚಿಟ್ಟೆಗಳ ದೊಡ್ಡ ಚಿತ್ರ ಬರೆಸಿದ್ದಾರೆ. ಹಳೆಯ ಆಸ್ಪತ್ರೆಯೆದುರಿನ ಕನ್ನಿಂಗ್‌ಹ್ಯಾಮ್ ಉದ್ಯಾನದಲ್ಲಿ ಸತ್ತವರ ನೆನಪಿಗೆ 161 ಗಿಡಗಳನ್ನು ನೆಟ್ಟಿದ್ದಾರೆ. ನಾನು ಅವುಗಳ ನಡುವೆ ನಡೆದಾಗ ಅವು ಇನ್ನೂ ಎಳೆಯ ಮರಗಳಾಗಿದ್ದವು. ಸುತ್ತಲಿನ ಬೀದಿಗಳಲ್ಲಿ ಹಳೆಯ ಮರವೊಂದೂ ನನ್ನ ಕಣ್ಣಿಗೆ ಬೀಳಲಿಲ್ಲ.

ಅಲ್ಲಿಂದ ಪಶ್ಚಿಮಕ್ಕೆ ರಾಜ್ಯದ ಗಡಿ ದಾಟಿ ಅರ್ಧ ಗಂಟೆಯಷ್ಟು ಹೋದರೆ ಓಕ್ಲಹೋಮದಲ್ಲಿ ಪಿಚರ್ ಎಂಬ ಊರಿನ ಜಾಗವಿದೆ. ಊರಿಲ್ಲ. ಅದೂ ಸೀಸದ ಗಣಿಗಳ ಊರೇ. 1920ರ ದಶಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರಿದ್ದ ಊರು. ಗಣಿಗಳು ಮುಚ್ಚಿದ ಮೇಲೆ ತ್ಯಾಜ್ಯದ ಬೂದು ಗುಡ್ಡಗಳು ಉಳಿದವು, ಆ ಗುಡ್ಡಗಳ ಮೇಲೆ ಆಡಿ ಬೆಳೆದ ಮಕ್ಕಳ ರಕ್ತದಲ್ಲಿ ಸೀಸ ಕಾಣಿಸಿಕೊಂಡಿತು, ಕಟ್ಟಡಗಳ ಕೆಳಗಿನ ನೆಲ ಟೊಳ್ಳಾಗಿ ಕುಸಿಯುವ ಸ್ಥಿತಿಗೆ ಬಂತು. ಕೊನೆಗೆ ಸರ್ಕಾರ ಮನೆಗಳನ್ನು ಕೊಂಡು ಜನರನ್ನು ಬೇರೆಡೆಗೆ ಕಳುಹಿಸತೊಡಗಿತ್ತು. ಆ ಹೊತ್ತಿನಲ್ಲಿ, 2008ರ ಮೇ 10ರಂದು, ಇಎಫ್4 ದರ್ಜೆಯ ಸುಂಟರಗಾಳಿ ಪಿಚರ್ ಮೇಲೆ ಹಾದು ಮಿಸ್ಸೌರಿಯೊಳಕ್ಕೆ ಹೋಯಿತು; ದಾರಿಯುದ್ದಕ್ಕೂ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಪಿಚರ್‌ನಲ್ಲಿ ಮತ್ತೆ ಕಟ್ಟುವ ಮಾತೇ ಏಳಲಿಲ್ಲ. 2009ರಲ್ಲಿ ಅದರ ಪುರಸಭೆಯನ್ನು ಅಧಿಕೃತವಾಗಿ ಮುಚ್ಚಿದರು. ಒಂದೇ ಗಣಿ ಪ್ರದೇಶದ ಎರಡು ಊರುಗಳು, ಮೂರು ವರ್ಷಗಳ ಅಂತರದಲ್ಲಿ ಬಡಿದ ಎರಡು ಗಾಳಿಗಳು. ಹೆಚ್ಚು ಬಲಶಾಲಿ ಗಾಳಿಗೆ ಸಿಕ್ಕ ಊರು ಉಳಿಯಿತು, ಕಡಿಮೆ ಬಲದ್ದಕ್ಕೆ ಸಿಕ್ಕ ಊರು ಅಳಿಯಿತು.

ಸುಂಟರಗಾಳಿ ಅಮೆರಿಕದ್ದೇ ಸ್ವತ್ತೆಂಬ ಭಾವನೆ ನಮ್ಮವರಲ್ಲಿ ಗಟ್ಟಿಯಾಗಿದೆ. ಆದರೆ ದಾಖಲೆಯಲ್ಲಿರುವ ಅತ್ಯಂತ ಮಾರಕ ಸುಂಟರಗಾಳಿ ಬೀಸಿದ್ದು ನಮ್ಮ ನೆರೆಯಲ್ಲಿ, ಬಾಂಗ್ಲಾದೇಶದ ಮಾಣಿಕ್‌ಗಂಜ್ ಜಿಲ್ಲೆಯಲ್ಲಿ. 1989ರ ಏಪ್ರಿಲ್ 26ರ ಸಂಜೆ ದೌಲತ್‌ಪುರ ಮತ್ತು ಸಾಟುರಿಯಾ ಕಡೆ ಹಾದುಹೋದ ಆ ಗಾಳಿಗೆ ಸುಮಾರು 1,300 ಜನ ಸತ್ತರೆಂದು ಅಂದಾಜಿದೆ; ಹನ್ನೆರಡು ಸಾವಿರ ಮಂದಿ ಗಾಯಗೊಂಡರು, ಎಂಬತ್ತು ಸಾವಿರ ಮಂದಿ ಮನೆ ಕಳೆದುಕೊಂಡರು. ತಿಂಗಳುಗಟ್ಟಲೆ ಮಳೆಯಿಲ್ಲದೆ ಬರ ಬಿದ್ದಿದ್ದ ಸೀಮೆ ಅದು. ಮೋಡ ಕವಿದದ್ದನ್ನು ಕಂಡು ಅಲ್ಲಿನ ರೈತರು ಏನೆಂದುಕೊಂಡಿರಬಹುದೆಂದು ಊಹಿಸುವುದು ನಮಗೆ ಕಷ್ಟವಲ್ಲ. ಬಂಗಾಳಕೊಲ್ಲಿಯ ತೇವದ ಗಾಳಿ ಕೆಳಗೆ, ಪಶ್ಚಿಮದ ಒಣ ಬಿಸಿಗಾಳಿ ಅದರ ಮೇಲೆ, ಇನ್ನೂ ಎತ್ತರದಲ್ಲಿ ಬಿರುಸಾಗಿ ಹರಿಯುವ ಗಾಳಿ: ಮುಂಗಾರಿಗೆ ಮೊದಲು ಬಂಗಾಳದಲ್ಲಿ ಕಾಲಬೈಶಾಖಿ ಎಂಬ ಗುಡುಗುಮಳೆಯ ಬಿರುಗಾಳಿಯನ್ನು ಹುಟ್ಟಿಸುವ ಈ ಏರ್ಪಾಡೇ ಕೆಲವೊಮ್ಮೆ ತಿರುಗಿ ಸುಂಟರಗಾಳಿಯಾಗುತ್ತದೆ. ಅಮೆರಿಕದಲ್ಲಿ ಮೆಕ್ಸಿಕೊ ಕೊಲ್ಲಿಯ ತೇವವೂ ಪಶ್ಚಿಮದ ಎತ್ತರದ ಒಣಗಾಳಿಯೂ ಇದೇ ಕೆಲಸ ಮಾಡುತ್ತವೆ. ಹವೆಯ ದೃಷ್ಟಿಯಿಂದ ಎರಡೂ ಸೀಮೆಗಳು ಬಂಧುಗಳೇ.

ವ್ಯತ್ಯಾಸವಿದ್ದದ್ದು ನೆಲದ ಮೇಲೆ. ಬಿದಿರು, ಮಣ್ಣಿನ ಗೋಡೆಗಳ ಮೇಲೆ ಹೊದಿಸಿದ ತಗಡು ಗಾಳಿಗೆ ಸಿಕ್ಕಿ ಕತ್ತಿಯಾಗುತ್ತದೆ. ಒತ್ತೊತ್ತಾಗಿ ಜನ ಬದುಕುವ ನಾಡು. ಹತ್ತಿರದಲ್ಲಿ ದೊಡ್ಡ ಆಸ್ಪತ್ರೆಯಿಲ್ಲ. ಇಂಥದೊಂದು ಬರುತ್ತಿದೆ ಎಂದು ನಿಮಿಷಗಳ ಮೊದಲು ಹಳ್ಳಿಗೆ ತಿಳಿಸುವ ಯಾವ ದಾರಿಯೂ ಇರಲಿಲ್ಲ. ಸಮುದ್ರದ ಚಂಡಮಾರುತಗಳ ವಿಷಯದಲ್ಲಿ ಬಾಂಗ್ಲಾದೇಶ ಸಾಧಿಸಿದ್ದನ್ನು ನಾನು ಗೌರವದಿಂದ ಕಾಣುತ್ತೇನೆ. 1970ರಲ್ಲಿ ಲಕ್ಷಗಟ್ಟಲೆ ಜನರನ್ನು ಕಳೆದುಕೊಂಡ ದೇಶ, ಎಚ್ಚರಿಕೆ, ಆಶ್ರಯತಾಣ ಮತ್ತು ಹಳ್ಳಿಯ ಸ್ವಯಂಸೇವಕರ ಬಲದಿಂದ 2007ರ ಸಿಡ್ರ್ ಚಂಡಮಾರುತದಲ್ಲಿ ಸಾವನ್ನು ಕೆಲವು ಸಾವಿರಕ್ಕೆ ಇಳಿಸಿತು. ಆದರೆ ಚಂಡಮಾರುತ ದಿನಗಳ ಮೊದಲೇ ಕಾಣುತ್ತದೆ, ಸುಂಟರಗಾಳಿ ನಿಮಿಷಗಳ ಮೊದಲಷ್ಟೇ. 1996ರ ಮೇನಲ್ಲಿ ಟಾಂಗೈಲ್ ಕಡೆ ಮತ್ತೆ ಸುಮಾರು 700 ಜನ ಸತ್ತರು.

ಭಾರತವೂ ಇದರಿಂದ ಹೊರತಲ್ಲ. 1978ರ ಮಾರ್ಚ್ 17ರಂದು ಉತ್ತರ ದೆಹಲಿಯಲ್ಲಿ ವಿಶ್ವವಿದ್ಯಾಲಯದ ಸುತ್ತಮುತ್ತ ಬೀಸಿದ ಸುಂಟರಗಾಳಿಗೆ 28 ಜನ ಬಲಿಯಾದರು. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲ್ಪಾಯ್‌ಗುರಿ ಜಿಲ್ಲೆಯ ಮೈನಾಗುರಿ ಕಡೆ ತಗಡಿನ ಮನೆಗಳು ಹಾರಿಹೋದವು, ಸಾವುಗಳೂ ಆದವು. ಕರ್ನಾಟಕದಲ್ಲಿ ಏಪ್ರಿಲ್, ಮೇ ತಿಂಗಳ ಮಳೆಯೊಡನೆ ಬಂದು ಬಾಳೆ, ಅಡಿಕೆ ಮುರಿದು ಹೆಂಚು ಹಾರಿಸುವ ಗಾಳಿ ಹೆಚ್ಚಾಗಿ ಮೋಡದಿಂದ ಕೆಳಕ್ಕೆ ಧುಮುಕಿ ನೇರವಾಗಿ ಹರಡುವಂಥದು, ತಿರುಗುವಂಥದಲ್ಲ.

ಹಾಗೆ ಧುಮುಕುವ ಗಾಳಿಯನ್ನು ಗುರುತಿಸಿ ವಿವರಿಸಿದವರೂ, ಸುಂಟರಗಾಳಿಗಳಿಗೆ ದರ್ಜೆ ಕೊಡುವ ಕ್ರಮವನ್ನು 1971ರಲ್ಲಿ ರೂಪಿಸಿದವರೂ ಒಬ್ಬರೇ: ಜಪಾನಿನ ಕ್ಯೂಶು ದ್ವೀಪದಲ್ಲಿ 1920ರಲ್ಲಿ ಹುಟ್ಟಿ, ಮುಂದೆ ಶಿಕಾಗೊ ವಿಶ್ವವಿದ್ಯಾಲಯ ಸೇರಿದ ಟೆಟ್ಸುಯಾ ಫುಜಿಟಾ. 1945ರಲ್ಲಿ ಅವರು ಕೊಕುರಾ ಎಂಬ ಊರಿನ ಬಳಿ ಇದ್ದರು. ನಾಗಸಾಕಿಯ ಮೇಲೆ ಬಿದ್ದ ಬಾಂಬಿಗೆ ಮೊದಲ ಗುರಿ ಕೊಕುರಾ. ಅಂದು ಆಕಾಶ ಮಬ್ಬಾಗಿದ್ದರಿಂದ ವಿಮಾನ ಮುಂದಕ್ಕೆ ಹೋಗಿತ್ತು. ಬಳಿಕ ನಾಗಸಾಕಿಗೆ ಹೋಗಿ, ಸ್ಫೋಟದ ಒತ್ತಡ ಬಿಟ್ಟುಹೋದ ಗುರುತುಗಳನ್ನು ಅವರು ಅಧ್ಯಯನ ಮಾಡಿದರು. ಅವಶೇಷವನ್ನು ನೋಡಿ ಬಲವನ್ನು ಲೆಕ್ಕ ಹಾಕುವ ಆ ಅಭ್ಯಾಸ ಅವರೊಡನೆ ಅಮೆರಿಕಕ್ಕೂ ಬಂತು. ಈಗ 2007ರಿಂದ ಬಳಕೆಯಲ್ಲಿರುವ ಪರಿಷ್ಕೃತ ಕ್ರಮದಲ್ಲೂ ದರ್ಜೆ ನಿರ್ಧಾರವಾಗುವುದು ಗಾಳಿಯ ಅಳತೆಯಿಂದಲ್ಲ, ಅದು ಮುರಿದ ವಸ್ತುಗಳಿಂದ. 2013ರ ಮೇ 31ರಂದು ಓಕ್ಲಹೋಮದ ಎಲ್ ರೆನೊ ಬಳಿ ನಾಲ್ಕು ಕಿಲೋಮೀಟರಿಗೂ ಅಗಲವಾದ ಸುಂಟರಗಾಳಿ ಬೀಸಿತು. ರಾಡಾರ್‌ಗಳು ಅದರಲ್ಲಿ ಅಸಾಧಾರಣ ವೇಗವನ್ನು ಅಳೆದವು. ಆದರೂ ಅದಕ್ಕೆ ಸಿಕ್ಕ ದರ್ಜೆ ಇಎಫ್3. ಹೆಚ್ಚಾಗಿ ಬಯಲಿನಲ್ಲೇ ಹಾದುಹೋದ ಅದಕ್ಕೆ ಮುರಿಯಲು ದೊಡ್ಡ ಕಟ್ಟಡಗಳು ಸಿಕ್ಕಿರಲಿಲ್ಲ. ಅಂದರೆ ಸುಂಟರಗಾಳಿಗಳ ದಾಖಲೆ ಪುಸ್ತಕವೂ ಒಂದರ್ಥದಲ್ಲಿ ಮನುಷ್ಯರು ಎಲ್ಲಿ, ಏನು, ಹೇಗೆ ಕಟ್ಟಿದ್ದರು ಎಂಬುದರ ದಾಖಲೆಯೇ.

ಜಾಪ್ಲಿನ್‌ನ ಅವಶೇಷಗಳನ್ನು ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ ವರ್ಷಗಟ್ಟಲೆ ಪರಿಶೀಲಿಸಿ 2014ರಲ್ಲಿ ವರದಿ ಕೊಟ್ಟಿತು. ಸುಂಟರಗಾಳಿಗೆ ಮಣಿಯದ ಕಟ್ಟಡ ಅಸಾಧ್ಯವೆಂದು ಎಂಜಿನಿಯರುಗಳು ಅದುವರೆಗೆ ನಂಬಿ, ವಿನ್ಯಾಸದ ಲೆಕ್ಕದಿಂದ ಅದನ್ನು ಹೊರಗಿಟ್ಟಿದ್ದರು. ಆ ವರದಿ ಈ ನಂಬಿಕೆಯನ್ನು ಪ್ರಶ್ನಿಸಿತು. ಬಹುಪಾಲು ಸುಂಟರಗಾಳಿಗಳು ಕೆಳಗಿನ ದರ್ಜೆಯವು. ಭೀಕರ ಗಾಳಿಯಲ್ಲೂ ನಟ್ಟನಡುವಿನ ಪಟ್ಟಿಯನ್ನು ಬಿಟ್ಟರೆ ಅಂಚುಗಳಲ್ಲಿ ವೇಗ ಕಡಿಮೆ. ಚಾವಣಿಯನ್ನು ಗೋಡೆಗೆ, ಗೋಡೆಯನ್ನು ಪಾಯಕ್ಕೆ ಬಿಗಿಯಾಗಿ ಬೆಸೆದರೆ ಅಲ್ಲೆಲ್ಲ ಜೀವ ಉಳಿಯುತ್ತದೆ. 2022ರ ಅಮೆರಿಕನ್ ಕಟ್ಟಡ ಮಾನಕದಲ್ಲಿ ಮೊದಲ ಬಾರಿಗೆ ಸುಂಟರಗಾಳಿಯ ಒತ್ತಡಕ್ಕೆಂದೇ ಒಂದು ಅಧ್ಯಾಯ ಸೇರಿತು. ಅದು ಅನ್ವಯವಾಗುವುದು ಆಸ್ಪತ್ರೆ, ಶಾಲೆ, ಅಗ್ನಿಶಾಮಕ ಠಾಣೆಯಂಥ ಮುಖ್ಯ ಕಟ್ಟಡಗಳಿಗೆ. ಸಾಮಾನ್ಯ ವಾಸದ ಮನೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಚಕ್ರದ ಮೇಲೆ ತಂದು ನಿಲ್ಲಿಸುವ ಅಗ್ಗದ ಮನೆಗಳಲ್ಲಿ ಇರುವ ಬಡವರು ಇವತ್ತಿಗೂ ಎಲ್ಲರಿಗಿಂತ ಹೆಚ್ಚು ಸಾಯುತ್ತಾರೆ. ಅವರಿಗೆ ಸಿಗುವ ರಕ್ಷಣೆ ಹತ್ತಿರದ ಶಾಲೆಯಲ್ಲೋ ಚರ್ಚಿನಲ್ಲೋ ಇರುವ ಸುರಕ್ಷಿತ ಕೋಣೆಯೊಂದೇ, ಅದೂ ಇದ್ದರೆ.

ಕೆಲಸಕ್ಕೆಂದು ಡಲ್ಲಾಸ್‌ಗೋ, ಓಕ್ಲಹೋಮ ಸಿಟಿಗೋ, ನಮ್ಮ ಕಡೆಗೋ ಬರುವ ಕನ್ನಡದ ಕುಟುಂಬಗಳು ಮೊದಲು ಹಿಡಿಯುವುದು ಅಪಾರ್ಟ್‌ಮೆಂಟಿನ ಎರಡನೆಯ, ಮೂರನೆಯ ಅಂತಸ್ತಿನ ಮನೆ. ಕೆಳಗಿನದಕ್ಕಿಂತ ಬಾಡಿಗೆ ಕಡಿಮೆ, ಬೆಳಕು ಹೆಚ್ಚು. ಅವರು ಮನೆ ನೋಡಲು ಕರೆದಾಗ ನಾನು ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿಸುತ್ತೇನೆ: ರಾತ್ರಿ ಎರಡು ಗಂಟೆಗೆ ಎಚ್ಚರಿಕೆ ಬಂದರೆ ಇಲ್ಲಿನವರು ಎಲ್ಲಿಗೆ ಹೋಗಬೇಕು, ಆ ಬಾಗಿಲಿನ ಬೀಗ ಯಾರ ಬಳಿ ಇರುತ್ತದೆ? ಕೆಳಗಿನ ಅಂತಸ್ತಿನಲ್ಲಿ ಕಿಟಕಿಯಿಲ್ಲದ ಒಳಕೋಣೆ ಯಾರ ಮನೆಯಲ್ಲಿದೆ ಎಂದು ತಿಳಿದುಕೊಂಡು, ಆ ಮನೆಯವರ ಪರಿಚಯವನ್ನು ಬಿಸಿಲಿರುವಾಗಲೇ ಮಾಡಿಕೊಳ್ಳಲು ಹೇಳುತ್ತೇನೆ. ಮಕ್ಕಳ ಸೈಕಲ್ ಹೆಲ್ಮೆಟ್ಟು, ಎಲ್ಲರ ಗಟ್ಟಿ ಬೂಟು, ಒಂದು ಟಾರ್ಚು ಹಾಸಿಗೆಯ ಹತ್ತಿರವೇ ಇರಲಿ ಎನ್ನುತ್ತೇನೆ. ಜಾಪ್ಲಿನ್‌ನಲ್ಲಿ ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ ನಡೆದು ಬಂದವರು ಬಹಳ ಮಂದಿ. ಫೋನ್‌ಗೆ ಎಚ್ಚರಿಕೆ ಬಂದರೆ ಗುಂಪಿನಲ್ಲಿ ಕೇಳುವುದನ್ನು ಒಳಕೋಣೆ ಸೇರಿದ ಮೇಲೆ ಕೇಳಿ, ಅಲ್ಲಿಂದಲೇ ಉತ್ತರ ಕೊಡಲು ನಾವೂ ಎಚ್ಚರವಾಗಿರುತ್ತೇವೆ ಎಂದು ಹೇಳಿ ಬರುತ್ತೇನೆ.